ಗುತ್ತಲದಲ್ಲಿ ಹಿಮ ಬಿದ್ದ ಮಧ್ಯಾಹ್ನ

ಮುಂದಾಗುವುದನ್ನು ಮೊದಲೇ ಹೇಳುವವರನ್ನು ಲೋಕ ಎರಡು ಬಗೆಯಾಗಿ ನಡೆಸಿಕೊಳ್ಳುತ್ತದೆ. ಕೈ ನೋಡಿ ಹೇಳಿದರೆ ಕಾಣಿಕೆ ಕೊಟ್ಟು ಕಾಲಿಗೆ ಬೀಳುತ್ತದೆ. ಟೀವಿ ನೋಡಿ ಹೇಳಿದರೆ ಬಾಯಿ ಮುಚ್ಚು ಎನ್ನುತ್ತದೆ. ನಾನು ಎರಡನೆಯ ಜಾತಿಯ ಜ್ಯೋತಿಷಿ. ಕೈ ನೋಡುವವರ ಮಾತು ಅರ್ಧಕ್ಕರ್ಧ ಸುಳ್ಳಾದರೂ ಅವರ ಮರ್ಯಾದೆಗೆ ಕುಂದಿಲ್ಲ. ನನ್ನ ಮಾತು ಒಮ್ಮೆಯೂ ಸುಳ್ಳಾದದ್ದಿಲ್ಲ, ಅದಕ್ಕೇ ನನಗೆ ಮನೆಯಲ್ಲಿ ಮರ್ಯಾದೆ ಇಲ್ಲ. ಒಮ್ಮೆ ರಾಣೆಬೆನ್ನೂರಿನ ಥೇಟರಿನಲ್ಲಿ ಕೊಲೆ ಮಾಡಿದವನು ಯಾರೆಂದು ಮಧ್ಯಂತರಕ್ಕೆ ಮೊದಲೇ ಹೇಳಿಬಿಟ್ಟಿದ್ದೆ. ಮುಂದಿನ ಸಾಲಿನಿಂದ ಪೈಲ್ವಾನನಂಥ ಒಬ್ಬ ಮನುಷ್ಯ ನಿಧಾನಕ್ಕೆ ಎದ್ದು ತಿರುಗಿ, “ಏನ್ರೀ ಸರ್, ಎಲ್ಲಾ ನೀವ ಹೇಳಿಬಿಟ್ರ ಆ ಪಡದೆ ಯಾಕ ಬೇಕ್ರಿ?” ಎಂದು ಬಹಳ ಮೆತ್ತಗೆ ಕೇಳಿದ. ಆ ಮೆತ್ತನೆಯ ದನಿಗೆ ಹೆದರಿ ಹೊರಗಿನ ಜಾಗಗಳಲ್ಲಿ ಬಾಯಿ ಹೊಲಿದುಕೊಂಡೆ. ಮನೆಯ ಟೀವಿಯ ಮುಂದೆ ಮಾತ್ರ ಹೊಲಿಗೆ ಬಿಚ್ಚುತ್ತಿದ್ದೆ.

ಹಾವೇರಿಗೆ ಕೇಬಲ್ ಬಂದ ಹೊಸತು ಅದು, ತೊಂಬತ್ತರ ದಶಕ. ನಮ್ಮ ಓಣಿಯ ಮಾಳಿಗೆಯೊಂದರ ಮೇಲೆ ದೊಡ್ಡ ತಟ್ಟೆಯೊಂದು ಆಕಾಶಕ್ಕೆ ಬಾಯಿ ತೆರೆದು ಕುಳಿತಿತ್ತು, ಅದರಿಂದ ಮನೆಮನೆಗೆ ಕರಿ ವಯರು ಇಳಿದಿತ್ತು. ಡಿಸೆಂಬರ್ ಬಂತೆಂದರೆ ಇಂಗ್ಲಿಷ್ ಚಾನೆಲ್ಲಿನಲ್ಲಿ ಮಧ್ಯಾಹ್ನಕ್ಕೊಂದು ಕ್ರಿಸ್‌ಮಸ್ ಪ್ರೇಮಕಥೆ. ಥೇಟರಿಗಲ್ಲ, ಟೀವಿಗೆಂದೇ ತೆಗೆದ ಸಿನಿಮಾಗಳು. ಹೆಸರು ಬೇರೆ, ನಟರು ಬೇರೆ, ಕಥೆ ಮಾತ್ರ ಒಂದೇ. ದೊಡ್ಡ ಶಹರದಲ್ಲಿ ದೊಡ್ಡ ನೌಕರಿಯಲ್ಲಿರುವ ಹುಡುಗಿ ಹಬ್ಬದ ಮುಂಚೆ ಯಾವುದೋ ಸಣ್ಣ ಊರಿಗೆ ಹೋಗಬೇಕಾಗುತ್ತದೆ. ಊರ ಹೊರಗೆ ಹಿಮದಲ್ಲಿ ಕಾರು ಕೆಡುತ್ತದೆ. ಚೌಕಡಿ ಅಂಗಿ ತೊಟ್ಟವನೊಬ್ಬ ಬರುತ್ತಾನೆ, ಇಬ್ಬರಿಗೂ ಜಗಳವಾಗುತ್ತದೆ. ಅವನಿಗೆ ತಾಯಿಯಿಲ್ಲದ ಒಂದು ಮಗು, ಮುಳುಗುತ್ತಿರುವ ಒಂದು ಬೇಕರಿ, ಎಲ್ಲವನ್ನೂ ಬಲ್ಲ ಒಬ್ಬ ಮುದುಕಿ ಇರಲೇಬೇಕು. ಇಬ್ಬರೂ ಸೇರಿ ಗಿಡಕ್ಕೆ ದೀಪ ಕಟ್ಟುತ್ತಾರೆ, ಕೇಕಿನ ಹಿಟ್ಟು ಒಬ್ಬರ ಮೂಗಿಗೆ ಒಬ್ಬರು ಮೆತ್ತುತ್ತಾರೆ. ಇನ್ನೇನು ಎಲ್ಲ ಸರಿಹೋಯಿತೆನ್ನುವಾಗ ಶಹರದಿಂದ ಫೋನು ಬಂದು ತಪ್ಪು ತಿಳಿವಳಿಕೆಯಾಗಿ ಹುಡುಗಿ ಬ್ಯಾಗು ತುಂಬುತ್ತಾಳೆ. ಕಡೆಗೆ ಅವನು ಓಡಿ ಬರುತ್ತಾನೆ, ಹಿಮ ಬೀಳುತ್ತದೆ, ಮುಗಿಯಿತು.

ನಾನು ಬ್ಯಾಡಗಿಯ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಮಾಸ್ತರನಾಗಿದ್ದೆ. ನನ್ನ ಹೆಂಡತಿ ಗಿರಿಜಾಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ಆದರೆ ಈ ಸಿನಿಮಾ ಎಂದರೆ ಜೀವ. ಮುಸುರೆ ತಿಕ್ಕುವುದು, ಬಟ್ಟೆ ಒಗೆಯುವುದು ಎಲ್ಲವನ್ನೂ ಲಗುಬಗೆಯಿಂದ ಮುಗಿಸಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಕೂಡುತ್ತಿದ್ದಳು. ಆ ಭಾನುವಾರವೂ ಹಾಗೆಯೇ ಕುಳಿತಳು. ಹುಡುಗಿ ಕಾರಿನಿಂದ ಇಳಿಯುವ ಮೊದಲೇ ನಾನು, “ಇವನನ್ನ ಮದುವಿ ಆಗ್ತಾಳ” ಎಂದೆ. ಗಿರಿಜಾ ಟೀವಿಯ ದನಿ ಹೆಚ್ಚಿಸಿದಳು. ಮುದುಕಿ ಕೆಮ್ಮಿದಾಗ, “ಇಕಿ ಸಾಯಂಗಿಲ್ಲ ಬಿಡು, ಹಬ್ಬದ ಸಿನಿಮಾದಾಗ ಯಾರೂ ಸಾಯಂಗಿಲ್ಲ” ಎಂದೆ. ಇನ್ನಷ್ಟು ಹೆಚ್ಚಿಸಿದಳು. “ಈಗ ಫೋನ್ ಬರತೈತಿ ನೋಡು” ಎಂದೆ. ಬಂತು. ಶಭಾಶ್ ಎನ್ನಲಿ ಎಂದು ಹೆಮ್ಮೆಯಿಂದ ತಿರುಗಿದರೆ ಅವಳ ಕಣ್ಣಲ್ಲಿ ನೀರು. ಅದು ಸಿನಿಮಾ ನೋಡಿ ಬಂದದ್ದಲ್ಲ ಎನ್ನುವುದು ನನಗೂ ತಿಳಿಯಿತು.

“ನಿಮಗ ಗೊತ್ತೈತಿ, ನನಗೂ ಗೊತ್ತೈತಿ. ಗೊತ್ತಿಲ್ಲಂತ ನಾ ನೋಡಾಕತ್ತೇನೇನು?” ಎಂದಳು. “ಇಡೀ ದಿನದಾಗ ಈ ಎರಡು ತಾಸು ಅಷ್ಟ ನನ್ನವು. ಅದರಾಗೂ ನಿಮ್ಮ ಶಾಣ್ಯಾತನ ನಡುವ ತರ್ತೀರಿ.”

ಮರುದಿನ ಬೆಳಿಗ್ಗೆ ಬ್ಯಾಗು ತುಂಬಿಕೊಂಡು ಗುತ್ತಲದ ತವರಿಗೆ ಹೊರಟು ನಿಂತಳು. “ಅಲ್ಲೂ ಕೇಬಲ್ ಬಂದೈತಿ, ಯಾರಿಗೂ ಇಂಗ್ಲೀಷ್ ಬರಂಗಿಲ್ಲ. ಸಿನಿಮಾ ಸುಖದಿಂದ ನೋಡಬಹುದು.” ಯಾವಾಗ ಬರುತ್ತೀ ಎಂದು ಕೇಳಿದೆ. “ಗೊತ್ತಿಲ್ಲ” ಎಂದಳು. ಮುಂದೇನಾಗುತ್ತದೆಂದು ನನಗೆ ಊಹಿಸಲಾಗದ ಕಥೆ ಅದೇ ಮೊದಲು.

ಹಬ್ಬದ ಸೂಟಿ ಬೇರೆ. ಮಧ್ಯಾಹ್ನ ಒಬ್ಬನೇ ಟೀವಿ ಹಚ್ಚಿ ಕುಳಿತೆ. “ಇವನನ್ನ ಮದುವಿ ಆಗ್ತಾಳ” ಎಂದು ಗೋಡೆಗೆ ಹೇಳಿದೆ. ಗೋಡೆ ಒಪ್ಪಿಕೊಂಡಿತು. ಸಿಟ್ಟಿಗೇಳುವವರು ಇಲ್ಲದಿದ್ದರೆ ಭವಿಷ್ಯ ಹೇಳುವುದರಲ್ಲಿ ಏನೂ ರುಚಿಯಿಲ್ಲವೆಂದು ಆಗ ಗೊತ್ತಾಯಿತು. ಅಡುಗೆಮನೆಗೆ ಹೋದರೆ ಅನ್ನಕ್ಕೆ ಕುಕ್ಕರು ಎಷ್ಟು ಸೀಟಿ ಹೊಡೆಯಬೇಕೆಂಬುದು ತಿಳಿಯದು. ಹುಡುಗಿಯ ಕಾರು ಎಲ್ಲಿ ಕೆಡುತ್ತದೆಂದು ಬಲ್ಲವನು ಗಂಜಿಯಂಥ ಅನ್ನ ಉಂಡೆ. ಹೊಟ್ಟೆಯ ಮಾತು ಬಿಡಿ. ಅವಳು ನಿಜವಾಗಿಯೂ ಬರದಿದ್ದರೆ ಏನು ಗತಿ ಎಂದು ಹೆದರಿಕೆಯಾಯಿತು. ಇಷ್ಟು ದಿನ ಅವಳು ಮಗ್ಗುಲಲ್ಲಿ ಕುಳಿತಿರುತ್ತಾಳೆಂದೇ ನಾನು ಈ ಸಿನಿಮಾ ನೋಡುತ್ತಿದ್ದೆ, ಅದನ್ನು ಅವಳಿಗೆ ಹೇಳಿರಲಿಲ್ಲ.

ಮರುದಿನ ಇಸ್ತ್ರಿ ಅಂಗಿ ತೊಟ್ಟು, ಪೇಢೆ ಕಟ್ಟಿಸಿಕೊಂಡು ಗುತ್ತಲದ ಬಸ್ಸು ಹತ್ತಿದೆ. ಅಳಿಯ ಬಂದನೆಂದು ಕಾಲಿಗೆ ನೀರು ಕೊಡುತ್ತಾರೆಂದುಕೊಂಡಿದ್ದರೆ ಅಲ್ಲಿ ಸಿನಿಮಾ ಶುರುವಾಗಿತ್ತು. ಮಂಚದ ಮೇಲೆ ಅತ್ತೆ, ಕೆಳಗೆ ಬೆಳ್ಳುಳ್ಳಿ ಸುಲಿಯುತ್ತ ಭಾವಮೈದುನನ ಹೆಂಡತಿ, ಪಕ್ಕದ ಮನೆಯ ಇಬ್ಬರು ಹೆಂಗಸರು, ಎಲ್ಲರ ಮುಂದೆ ಗಿರಿಜಾ. “ಕುಂದ್ರಿ, ಕುಂದ್ರಿ” ಎಂದು ಯಾರೋ ಚಾಪೆಯ ತುದಿ ತೋರಿಸಿದರು. ಹೊರಗೆ ಗುತ್ತಲದ ಬಿಸಿಲು ಚುರುಗುಟ್ಟುತ್ತಿತ್ತು. ಒಳಗೆ ಅತ್ತೆ ಟೀವಿಯ ಹಿಮ ನೋಡಿ, “ಯವ್ವಾ, ಎಷ್ಟ್ ಥಂಡಿ ಐತಿ!” ಎಂದು ಸೆರಗನ್ನು ಬಿಗಿಯಾಗಿ ಹೊದ್ದುಕೊಂಡರು.

ನಾನು ಗಿರಿಜಾಳ ಹತ್ತಿರ ಸರಿದು, ಐದರ ಬಸ್ಸಿಗೆ ಹಾವೇರಿಗೆ ಹೋಗೋಣವೇ ಎಂದು ಪಿಸುಗುಟ್ಟಿದೆ. ಅದು ತಪ್ಪಿದರೆ ಆಮೇಲಿನ ಬಸ್ಸು ಬರುತ್ತದೋ ಇಲ್ಲವೋ ಸ್ವತಃ ಕಂಡಕ್ಟರನೂ ಹೇಳುವಂತಿರಲಿಲ್ಲ. ಅವಳು ಟೀವಿಯಿಂದ ಕಣ್ಣು ತೆಗೆಯದೆ, “ಸಿನಿಮಾ ಮುಗೀಲಿ. ಆಮ್ಯಾಲ ಹೇಳ್ತೇನಿ, ಬರೂದೋ ಬ್ಯಾಡೋ” ಎಂದಳು. ನಾನು ಬಾಯಿಗೆ ಬೀಗ ಹಾಕಿಕೊಂಡೆ.

ಆದರೆ ಅತ್ತೆ? ಕಾರು ಕೆಟ್ಟು ನಿಂತ ಕೂಡಲೇ, “ಈ ಚೌಕಡಿ ಅಂಗಿ ಹುಡುಗನ್ನ ಮಾಡ್ಕೋತಾಳ ನೋಡ್ರಿ ಇಕಿ” ಎಂದರು. ಮುದುಕಿ ಕೆಮ್ಮಿದಾಗ, “ಏನೂ ಆಗಂಗಿಲ್ಲ ಅಕಿಗೆ, ಮದುವಿ ನೋಡ್ಕೊಂಡ ಹೋಗ್ತಾಳ” ಎಂದರು. ಒಂದಕ್ಷರ ಇಂಗ್ಲಿಷ್ ಬಾರದ ನಮ್ಮ ಅತ್ತೆ ನಾನು ಹೇಳುತ್ತಿದ್ದ ಪ್ರತಿಯೊಂದನ್ನೂ ನನಗಿಂತ ದೊಡ್ಡ ದನಿಯಲ್ಲಿ ಹೇಳುತ್ತಿದ್ದರು. ಗಿರಿಜಾ ಅದಕ್ಕೆ ಹೂಂಗುಟ್ಟಿ ನಗುತ್ತಿದ್ದಳು! ನನಗೆ ಮೈಯೆಲ್ಲ ಉರಿಯಿತು. “ಅವ್ವ ಹೇಳಿದ್ರ ನಡಿತೈತಿ, ನಾ ಹೇಳಿದ್ರ ತವರುಮನಿ. ಇದ್ಯಾವ ನ್ಯಾಯ?” ಎಂದು ಅವಳ ಕಿವಿಯಲ್ಲಿ ಕೇಳಿದೆ.

ಈಗ ಅವಳು ತಿರುಗಿ ನೋಡಿದಳು. “ಅವ್ವಾ ಹಂಗ ಆಗಲಿ ಅಂತ ಹೇಳ್ತಾಳ. ನೀವು ಆಗೂದ ಇಷ್ಟ, ಇದರಾಗೇನೈತಿ ಅಂತ ಹೇಳ್ತೀರಿ.”

ನಾನು ಚಾಪೆಯ ತುದಿಗೆ ಹಿಂದೆ ಸರಿದೆ. ಸುಮ್ಮನೆ ಕುಳಿತು ಸಿನಿಮಾ ನೋಡಿದೆ, ಬಹುಶಃ ಮೊದಲ ಸಲ. ಫೋನು ಬಂತು. ಹುಡುಗಿ ಅತ್ತಳು, ಬ್ಯಾಗು ತುಂಬಿ ರೈಲ್ವೆ ಸ್ಟೇಶನ್ನಿಗೆ ಹೊರಟಳು. ಚೌಕಡಿ ಅಂಗಿಯವನು ಬೇಕರಿಯ ಬಾಗಿಲಲ್ಲಿ ಕಂಬದ ಹಾಗೆ ನಿಂತಿದ್ದ. ಓಡೋ ಮಾರಾಯಾ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಇದೊಂದು ಸಲ ಇವನು ತಡಮಾಡಿಬಿಟ್ಟರೆ? ರೈಲು ಸೀಟಿ ಹಾಕಿತು, ಅವನು ಓಟ ಕಿತ್ತ, ಕರೆಂಟು ಹೋಯಿತು.

ಫ್ಯಾನು ನಿಧಾನವಾಗಿ ನಿಂತಿತು. ಕಪ್ಪಾದ ಟೀವಿಯನ್ನು ಸ್ವಲ್ಪ ಹೊತ್ತು ನೋಡಿ ಎಲ್ಲರೂ ನನ್ನ ಕಡೆ ತಿರುಗಿದರು. “ಅಳಿಯಾರ, ನೀವ ಹೇಳ್ರಿ. ನಿಮಗ ಇಂಗ್ಲೀಷ್ ಬರತೈತಿ,” ಎಂದರು ಅತ್ತೆ. “ಅವಾ ಸ್ಟೇಶನ್ನಿಗೆ ಮುಟ್ಟತಾನೋ ಇಲ್ಲೋ?”

ಜನ್ಮದಲ್ಲಿ ಮೊದಲ ಬಾರಿಗೆ ಒಂದಿಡೀ ಮನೆ ತಾನಾಗಿ ನನ್ನಿಂದ ಭವಿಷ್ಯ ಕೇಳುತ್ತಿತ್ತು. ಬಾಯಿ ತೆರೆದೆ. ಗಿರಿಜಾಳೂ ನನ್ನನ್ನೇ ನೋಡುತ್ತಿದ್ದಳು. ಅವಳ ಮುಖ ನೋಡಿದ ಮೇಲೆ ನನ್ನ ಜ್ಯೋತಿಷ್ಯವೆಲ್ಲ ಕೈಕೊಟ್ಟಿತು. “ಗೊತ್ತಿಲ್ರಿ” ಎಂದೆ. “ಮುಟ್ಟಬೇಕು. ಮುಟ್ಟಿದ್ರ ಚಲೋ.”

ಗಿರಿಜಾ ಎದ್ದು ಮಂಚದ ಕೆಳಗಿನಿಂದ ತನ್ನ ಬ್ಯಾಗು ಎಳೆದಳು. “ನಡೀರಿ, ಬಸ್ಸಿನ ಹೊತ್ತಾತು” ಎಂದಳು. ನಾನು ಅವಳ ಕೈಯಿಂದ ಬ್ಯಾಗು ಇಸಿದುಕೊಂಡೆ.

ಮಗಳನ್ನು ಕಳಿಸಿಕೊಡಲು ಅತ್ತೆ ಕುಂಕುಮದ ಭರಣಿ ಹಿಡಿದು ಹೊಸ್ತಿಲಿಗೆ ಬಂದರು, ಅವರ ಹಿಂದೆ ಉಳಿದವರು. ಅಷ್ಟರಲ್ಲಿ ಕರೆಂಟು ಬಂದು ಒಳಗೆ ಟೀವಿ ಗುರ್ರೆಂದಿತು. ಅತ್ತೆ ಭರಣಿ ಸಮೇತ ಒಳಗೆ ಓಡಿದರು. ಹಿಂದಿದ್ದವರು ಅವರಿಗಿಂತ ಮುಂದಾದರು. ಬೀಳ್ಕೊಡಲು ಒಂದು ನರಪಿಳ್ಳೆಯೂ ಉಳಿಯಲಿಲ್ಲ. ಗಿರಿಜಾ ಒಂದು ಕಾಲನ್ನು ಚಪ್ಪಲಿಯಲ್ಲಿಟ್ಟು ಹಾಗೇ ನಿಂತಳು. ದೂರದಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು.

“ನಡಿ, ನೋಡೂಣು. ಬಸ್ ಹೋದ್ರ ಹೋಗಲಿ” ಎಂದೆ.

ಹುಡುಗ ಮುಟ್ಟಿದ. ಹಿಮ ಬಿತ್ತು. ಅವರಿಬ್ಬರೂ ತೀರಾ ಹತ್ತಿರ ಬಂದಾಗ ಅತ್ತೆ ಮಂಚದ ಕೆಳಗೆ ಬಗ್ಗಿ, ಅಲ್ಲಿ ಇಲ್ಲದ ಅಡಕತ್ತರಿಯನ್ನು ಹುಡುಕತೊಡಗಿದರು. ಹಾಡು ಶುರುವಾದ ಮೇಲೆ ಎದ್ದರು. ನನ್ನ ಕಣ್ಣು ಮಂಜಾಗಿತ್ತು. ಬ್ಯಾಡಗಿಯಲ್ಲಿ ಕೆಲಸ ಮಾಡುವವನಿಗೆ ಇದೊಂದು ಅನುಕೂಲ. ಮೆಣಸಿನಕಾಯಿ ಸುಗ್ಗಿಯ ದಿನಗಳಲ್ಲಿ ಇಡೀ ಊರೇ ಕಣ್ಣೊರೆಸಿಕೊಳ್ಳುತ್ತಿರುತ್ತದೆ, ಯಾಕೆಂದು ಯಾರೂ ಕೇಳುವುದಿಲ್ಲ. ಗುತ್ತಲದಲ್ಲಿ ಆ ನೆಪ ನಡೆಯಲಿಲ್ಲ. ಗಿರಿಜಾ ನೋಡಿದಳು, ಸೆರಗಿನ ತುದಿಯನ್ನು ನನ್ನ ಕಡೆ ಸರಿಸಿದಳು.

ಬಸ್ಸು ಹೋಗಿಯಾಗಿತ್ತು. ನಾನು ಸಂಕೋಚದಿಂದ, ಈ ಹೊತ್ತು ಇಲ್ಲೇ ವಸ್ತಿ ಮಾಡಬೇಕಾಯಿತು, ನಿಮಗೆ ತೊಂದರೆ ಎಂದೆ.

“ಎಂಥಾ ತ್ರಾಸ್‌ರಿ?” ಎಂದರು ಅತ್ತೆ. “ನೀವು ಇವತ್ತ ಬರ್ತೀರಿ, ಬಸ್ ತಪ್ಪಿಸ್ಕೋತೀರಿ, ಇಲ್ಲೇ ಉಳಿತೀರಿ ಅಂತ ಮುಂಜಾನೇನ ಹೇಳೇನಲ್ಲ. ಇಬ್ಬರ ಹಾಸಿಗಿನೂ ಬಿಸಿಲಿಗೆ ಹಾಕಿ ತಗದಿಟ್ಟೇವಿ.”

ಪಕ್ಕದ ಮನೆಯ ಹೆಂಗಸರು ಹೌದೆಂದು ತಲೆಯಾಡಿಸಿದರು. ಅವರು ಆ ಮಧ್ಯಾಹ್ನ ಎರಡು ಸಿನಿಮಾ ನೋಡಿ ಮನೆಗೆ ಹೊರಟಿದ್ದರು. ನಾನು ಗಿರಿಜಾಳ ಕಡೆ ತಿರುಗಿ, “ನಿನಗೂ ಗೊತ್ತಿತ್ತೇನು?” ಎಂದೆ.

“ಹೂಂ.”

“ಮತ್ತ ಮೊದ್ಲ ಹೇಳಬಾರದ? ನನ್ನ ಜೀವ ಹೋಗಿ ಬಂತಲ್ಲ!”

“ಮೊದ್ಲ ಹೇಳಿಬಿಟ್ರ,” ಎಂದಳು ಗಿರಿಜಾ, ಪೇಢೆಯ ಪೊಟ್ಟಣ ಬಿಚ್ಚುತ್ತ, “ನೋಡೂದರಾಗ ಏನ್ ಮಜಾರಿ?”