ಕಪ್ಪು ಕ್ಯಾಸೆಟ್, ಬಿಳಿ ಕ್ಯಾಸೆಟ್

ನಮ್ಮ ಸೋದರಮಾವ ಬೆಳ್ತಂಗಡಿಯಲ್ಲಿ ಕಾರು ಬಿಡಲು ಕಲಿಸುತ್ತಾರೆ ಎಂದು ಅವರ ಬೋರ್ಡು ಹೇಳುತ್ತದೆ. ಬೋರ್ಡನ್ನು ನಂಬಬೇಡಿ! ಅವರು ಕಲಿಸುವುದು ಒಂದೇ ವಿಷಯ: ಕಪ್ಪು ಕ್ಯಾಸೆಟ್ ಬಿಳಿ ಕ್ಯಾಸೆಟ್ಟಿಗಿಂತ ದೊಡ್ಡದು. ಕ್ಲಚ್ಚು, ಬ್ರೇಕು, ಲೈಸೆನ್ಸು ಎಲ್ಲ ಆ ಪಾಠದ ಜೊತೆಗೆ ಪುಕ್ಕಟೆ ಸಿಗುವ ಸಾಮಾನು.

ಈ ಕ್ಯಾಸೆಟ್ಟುಗಳ ವಿಷಯ ಮೊದಲೇ ಹೇಳಿಬಿಡುತ್ತೇನೆ. ಎರಡೂ ಅಮೆರಿಕದ ಗಿಟಾರ್ ತಂಡಗಳ ಆಲ್ಬಮ್‌ಗಳು. ಆಲ್ಟರ್ನೇಟಿವ್ ರಾಕ್ ಎನ್ನುತ್ತಾರಲ್ಲ, ಆ ಜಾತಿಯವು. ಮಾವ ಕಾಲೇಜಿನಲ್ಲಿದ್ದಾಗ, ತೊಂಬತ್ತರ ದಶಕದಲ್ಲಿ, ಹೆಚ್ಚುಕಡಿಮೆ ಒಟ್ಟಿಗೇ ಹೊರಬಂದವು. ಇವತ್ತಿಗೂ ಯಾವ ಪಂಡಿತ ಪಟ್ಟಿ ಮಾಡಿದರೂ ಎರಡೂ ಅಕ್ಕಪಕ್ಕದಲ್ಲಿ ಕೂರುತ್ತವೆ. ಹೆಸರು ಮಾತ್ರ ಹೇಳಲಾರೆ. ಹೇಳಿದರೆ ನೀವೂ ಒಂದು ಪಕ್ಷ ಹಿಡಿಯುತ್ತೀರಿ. ಆಮೇಲೆ ನನ್ನ ಮಾತು ಕೇಳುವವರು ಯಾರು? ನಮ್ಮೂರಿಗೆ ಅವು ಗಲ್ಫಿನಿಂದ ಬಂದಿಳಿದಾಗ ಒಂದರ ಪ್ಲಾಸ್ಟಿಕ್ಕು ಕಪ್ಪು, ಇನ್ನೊಂದರದು ಬಿಳಿ. ನಮ್ಮ ಮನೆಗಳಲ್ಲಿ ಅವಕ್ಕೆ ಅಷ್ಟೇ ಹೆಸರು.

ನಾನೂ ಅವರಲ್ಲೇ ಕಾರು ಕಲಿತವಳು. ಮೊದಲ ದಿನ ಸ್ಟಿಯರಿಂಗ್ ಹಿಡಿದು ಕೂತೆ. ಮಾವ ಎಡಗಡೆಯ ಸೀಟಿನಲ್ಲಿ ಕೂತು ಕಪ್ಪು ಕ್ಯಾಸೆಟ್ಟನ್ನು ತುರುಕಿದರು.

"ಗಿಟಾರ್ ಬರುವವರೆಗೆ ಕ್ಲಚ್ ಒತ್ತಿ ಹಿಡಿ. ಬಂದ ಕೂಡ್ಲೆ ಮೆಲ್ಲ ಬಿಡು."

ಗಿಟಾರ್ ಬಂತು. ನಾನು ಬಿಟ್ಟೆ. ಕಾರು ಕಪ್ಪೆಯಂತೆ ಹಾರಿ ನಿಂತಿತು. ನನ್ನ ತಪ್ಪನ್ನು ಯಾವುದರ ಮೇಲಾದರೂ ಹೊರಿಸಬೇಕಿತ್ತಲ್ಲ, ಬಲಬಾಗಿಲಿನ ಸ್ಪೀಕರಿನ ಮೇಲೆ ಹೊರಿಸಿದೆ. ಆ ಕಾರನ್ನು ಸೆಕೆಂಡ್ ಹ್ಯಾಂಡ್ ತಂದ ದಿನದಿಂದಲೂ ಅದು ಮೂಕ.

"ನನ್ನ ಬದಿಯದ್ದು ಹಾಡುವುದೇ ಇಲ್ಲವಲ್ಲ ಮಾವ. ಸರಿ ಮಾಡಿಸಬಾರದಾ?"

"ಕಲಿಯುವವರಿಗೆ ಯಾಕೆ ಹಾಡು? ನೀನು ರಸ್ತೆ ನೋಡು. ಕೇಳುವ ಕೆಲಸ ನನಗೆ ಬಿಡು."

ಬಿಳಿ ಕ್ಯಾಸೆಟ್ಟಿಗೂ ಆ ಕಾರಿನಲ್ಲಿ ಸ್ಥಾನವಿತ್ತು. ರಿವರ್ಸ್ ಕಲಿಸುವಾಗ ಮಾತ್ರ ಅದನ್ನು ಹಾಕುತ್ತಿದ್ದರು. "ಹಿಂದೆ ಹಿಂದೆ ಹೋಗುವವರ ಸಂಗೀತ!" ಬೆಳ್ತಂಗಡಿಯ ಕಡೆ ಏರು ಹತ್ತಿಸುವಾಗ ವಿಚಿತ್ರವಾಗಿ ಗುನುಗುವ ನಡುವಯಸ್ಸಿನ ಹೆಂಗಸರನ್ನು ಕಂಡರೆ, ಅವರಿಗೆ ಕಾರು ಕಲಿಸಿದ್ದು ಯಾರೆಂದು ನೀವು ವಿಚಾರಿಸಬೇಕಾಗಿಲ್ಲ.

ಮಾವ ಹೆಣ್ಣು ನೋಡಲು ಹೋದಾಗಲೂ ಎರಡನ್ನೂ ಜೇಬಿನಲ್ಲಿಟ್ಟುಕೊಂಡು ಹೋಗಿದ್ದರಂತೆ. ಹೋಗಿದ್ದರು ಎನ್ನುವುದು ಅಮ್ಮನ ನೆನಪು. ಕ್ಯಾಸೆಟ್ ಒಂದೇ ಇತ್ತು ಎನ್ನುವುದು ಅತ್ತೆಯ ನೆನಪು. ಇಂಥ ಕಡೆ ನಾನು ಯಾರನ್ನೂ ನಂಬುವುದಿಲ್ಲ, ಆದರೂ ಕಪ್ಪೋ ಬಿಳಿಯೋ ಎಂಬ ಪ್ರಶ್ನೆಗೆ ಅತ್ತೆ ಕೊಟ್ಟ ಉತ್ತರದ ಬಗ್ಗೆ ಇಬ್ಬರಿಗೂ ಒಮ್ಮತವಿದೆ. "ಯಾರು ಕಿರುಚಿದರೂ ಒಂದೇ. ನಿಮಗೆ ಕಾಫಿಗೆ ಸಕ್ಕರೆ ಎಷ್ಟು?" ಮಾವ ಅಲ್ಲಿಯೇ ಒಪ್ಪಿಬಿಟ್ಟರು. ಎದುರು ಪಕ್ಷದವಳಲ್ಲವಲ್ಲ!

ಇದೆಲ್ಲ ನಮ್ಮ ಸಂಸ್ಕೃತಿಯಲ್ಲ ಎಂದು ಒಬ್ಬ ನೆಂಟರು ಒಮ್ಮೆ ಬುದ್ಧಿ ಹೇಳಲು ಬಂದರು. ಮಾವ ಅವರ ಊಟದೆಲೆಯ ಮೇಲಿನ ಖಾರದ ಗಸಿಯನ್ನು ನೋಡಿದರು. "ಮೆಣಸೂ ನಮ್ಮದಲ್ಲ ಭಾವ, ಹಡಗಿನಲ್ಲಿ ಬಂದದ್ದು. ನಾಳೆಯಿಂದ ಅದನ್ನೂ ಬಿಡುವ. ನೀವು ಮೊದಲು ಬಿಡಿ." ನೆಂಟರು ಇನ್ನೊಂದು ಸೌಟು ಗಸಿ ಹಾಕಿಸಿಕೊಂಡರು.

ಹೀಗೆ ಲೋಕವನ್ನೆಲ್ಲ ಗೆದ್ದ ಮಾವನಿಗೆ ಗೆಲ್ಲಲಾಗದೆ ಉಳಿದವರು ಒಬ್ಬರೇ: ಪಾಣೆಮಂಗಳೂರಿನಲ್ಲಿ ಕೊಡೆ, ಬ್ಯಾಗುಗಳ ಅಂಗಡಿ ಇಟ್ಟಿರುವ ಹಮೀದಾಕ. ನಮ್ಮ ಕಡೆಯ ಬ್ಯಾರಿ ಮುಸ್ಲಿಮರಲ್ಲಿ ಹಿರಿಯರನ್ನು ಕಾಕ ಎನ್ನುವುದುಂಟು, ಹಮೀದ್ ಕಾಕ ನಮ್ಮ ಬಾಯಲ್ಲಿ ಹಮೀದಾಕ. ಇಬ್ಬರೂ ಒಂದೇ ಬಸ್ಸಿನಲ್ಲಿ ಬಂಟ್ವಾಳದಿಂದ ಸಿದ್ದಕಟ್ಟೆಯ ದಾರಿಯಾಗಿ ಮೂಡುಬಿದಿರೆಯ ಕಾಲೇಜಿಗೆ ಹೋಗಿಬರುತ್ತಿದ್ದವರು. ಆ ಎರಡು ಕ್ಯಾಸೆಟ್ಟುಗಳನ್ನೂ ಒಂದು ವಾಕ್‌ಮನ್ನನ್ನೂ ಗಲ್ಫಿನಿಂದ ತಂದುಕೊಟ್ಟದ್ದು ಹಮೀದಾಕನ ಅಣ್ಣ. ವಾಕ್‌ಮನ್ ಒಂದೇ, ತಲೆ ಎರಡು. ಏನು ಮಾಡುವುದು? ಹೆಡ್‌ಫೋನಿನ ಪಟ್ಟಿಯನ್ನು ಲಟಕ್ಕನೆ ಮುರಿದು ಕಿವಿಗಿಡುವ ಎರಡು ಸ್ಪಂಜುಗಳನ್ನು ಹಂಚಿಕೊಂಡರು! ಮಾವನಿಗೆ ಕಿಟಕಿ ಬೇಕು, ಆದ್ದರಿಂದ ಎಡಗಡೆಯ ಸ್ಪಂಜು. ಹಮೀದಾಕ ಕಂಡಕ್ಟರನೊಡನೆ ಪಟ್ಟಾಂಗ ಹೊಡೆಯಬೇಕು, ಆದ್ದರಿಂದ ಬಲಗಡೆಯದು. ಮೂರು ವರ್ಷ ಹೀಗೇ ಹೋಗಿ ಬಂದರು. ಬಸ್ಸಿಳಿದ ಕೂಡಲೇ ಶುರುವಾದ ಜಗಳ ಮೂವತ್ತು ವರ್ಷವಾದರೂ ನಿಂತಿರಲಿಲ್ಲ.

ಶನಿವಾರ ಮಾವ ಕೊಡೆ ಅಂಗಡಿಗೆ ಹೋಗುತ್ತಿದ್ದರು. ಅವರ ಜಗಳ ತುಳುವಿನಲ್ಲಿ. ನಾನಿಲ್ಲಿ ಕನ್ನಡಕ್ಕೆ ತರುವಾಗ ಅರ್ಧ ಖಾರ ಇಳಿದಿದೆ, ಕ್ಷಮೆಯಿರಲಿ.

"ಬಂತು ಡ್ರೈವರನ ಸವಾರಿ! ಇವತ್ತಾದರೂ ಕಪ್ಪಿನಲ್ಲಿ ಗಿಟಾರ್ ಸಿಕ್ಕಿತಾ, ಅಲ್ಲ ಚಮಚದಲ್ಲಿ ಲೋಟ ಬಡಿಯುವುದೇನಾ? ಟಿಣ್ ಟಿಣ್!"

"ಟಿಣ್ ಟಿಣ್ಣಾ? ಗುಡುಗು ಅದು, ಗುಡುಗು! ನಿನ್ನ ಬಿಳಿಯದ್ದರಲ್ಲಿ ಎಂತ ಉಂಟು? ಹಳೇ ಫ್ಯಾನಿನ ಗುಂಯ್!"

"ಫ್ಯಾನಾ? ಆ ಗಿಟಾರಿಗೆ ಕಲ್ಲು ಕರಗ್ತದೆ ಮಾರಾಯ. ನಿನ್ನ ಕಿವಿಯಲ್ಲಿ ಎಂತ, ಡೀಸೆಲ್ ತುಂಬಿದೆಯಾ?"

"ಕಾಕ, ಈ ಕೊಡೆಗೆ ಗ್ಯಾರಂಟಿ ಉಂಟಾ?" ಎಂದು ನಡುವೆ ಯಾರಾದರೂ ಗಿರಾಕಿ ಕೇಳಬೇಕು.

"ಮಳೆಗೆ ಉಂಟು. ಇವನ ಗುಡುಗಿಗೆ ಇಲ್ಲ!"

ಇವರಿಬ್ಬರೂ ಕೇಳಿದ್ದು ಒಂದೇ ಕ್ಯಾಸೆಟ್ಟನ್ನೇ ಎಂದು ನನಗೆ ಸಂಶಯವಾಗುತ್ತಿತ್ತು. ಹಮೀದಾಕ ಕ್ಯಾಸೆಟ್ಟುಗಳನ್ನು ಮಾವನಲ್ಲೇ ಬಿಟ್ಟು ಗಲ್ಫಿಗೆ ಹೋದವರು, ಬಂದು ಅಂಗಡಿ ಇಟ್ಟ ಮೇಲೆಯೂ ಆ ಹಾಡುಗಳನ್ನು ಕೇಳಿಯೇ ಇಲ್ಲ, ಎಲ್ಲ ನೆನಪಿನ ಮೇಲೆಯೇ ವಾದ. ನಾನೋ, ನೆನಪು ಹೇಗೆ ನಯವಾಗಿ ಸುಳ್ಳು ಹೇಳುತ್ತದೆ ಎಂದು ವಿಶ್ವವಿದ್ಯಾನಿಲಯದಲ್ಲಿ ಕೂತು ಓದಿ ಬಂದವಳು. ನನ್ನ ಡೈರಿಯನ್ನೂ ಪೂರ್ತಿ ನಂಬದವಳು. ಇಬ್ಬರಿಗೂ ನೆನಪು ಕೆಟ್ಟಿದೆ ಎಂದು ಗಂಭೀರವಾಗಿ ತೀರ್ಪು ಕೊಟ್ಟಿದ್ದೆ.

ಒಂದು ಮದುವೆಯ ಊಟದಲ್ಲಿ ಒಬ್ಬರು ಮಾವನನ್ನು ಬದಿಗೆ ಕರೆದು, ದನಿ ತಗ್ಗಿಸಿ ಕೇಳಿದರು: "ಅಲ್ಲ, ಈಗಿನ ಕಾಲದಲ್ಲಿ ನಿಮಗೆ ಆ ಪಾಣೆಮಂಗಳೂರಿನ ಬ್ಯಾರಿಯೊಟ್ಟಿಗೆ ಎಂತ ಅಷ್ಟು ದೋಸ್ತಿ?"

ಮಾವ ದನಿ ತಗ್ಗಿಸಲಿಲ್ಲ. ಇಡೀ ಪಂಕ್ತಿಗೆ ಕೇಳುವಂತೆ ಹೇಳಿದರು: "ದೋಸ್ತಿಯಾ? ಮೂವತ್ತು ವರ್ಷದಿಂದ ಅವನೊಟ್ಟಿಗೆ ಜಗಳ ಮಾಡ್ತಾ ಇದ್ದೇನೆ. ನಿಮಗಿಂತ ಮೊದಲು ಶುರು ಮಾಡಿದವ ನಾನು. ನೀವು ಸಾಲಿನಲ್ಲಿ ಹಿಂದೆ ನಿಲ್ಲಿ!"

ಕಳೆದ ವರ್ಷ ಹಮೀದಾಕನಿಗೆ ಹೃದಯದ ಆಪರೇಷನ್ ಆಯಿತು. ಸಿಟ್ಟು ಬರಿಸಬೇಡಿ, ದಿನಾ ನಡೆಸಿ ಎಂದು ಡಾಕ್ಟರು ಹೇಳಿ ಕಳಿಸಿದರು. ಹಮೀದಾಕನ ಹೆಂಡತಿ ಮೊದಲನೆಯದನ್ನು ಜಾರಿಗೆ ತರಲು ಮೊದಲು ಮಾಡಿದ ಕೆಲಸವೆಂದರೆ ಮಾವನಿಗೆ ಬಾಗಿಲು ಮುಚ್ಚಿದ್ದು. "ನೀವು ಬರಬೇಡಿ ಮಾಷ್ಟ್ರೆ. ನಿಮ್ಮ ದನಿ ಕೇಳಿದರೇ ಅವರಿಗೆ ಪ್ರೆಶರ್ ಏರ್ತದೆ." ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಎರಡನೆಯದು ಮಾತ್ರ ಜಾರಿಯಾಗಲಿಲ್ಲ. ಹಮೀದಾಕ ನಡೆಯಲಿಲ್ಲ. ಅಂಗಡಿಯ ಸುದ್ದಿ ಕೇಳಲಿಲ್ಲ. ಗೋಡೆಯ ಕಡೆಗೆ ಮುಖ ಮಾಡಿ ಮಲಗಿರುತ್ತಾರೆ, ಅವರು ಏನು ಹೇಳಿದರೂ ಮನೆಯವರು ಎದುರಾಡದೆ ಹೂಂ ಎನ್ನುತ್ತಾರೆ ಎಂಬ ವರ್ತಮಾನ ಬೆಳ್ತಂಗಡಿಗೆ ಬರುತ್ತಿತ್ತು. ಇಲ್ಲಿ ಮಾವನ ಅವಸ್ಥೆಯೂ ಅಷ್ಟೆ. ಎದುರಾಳಿಯಿಲ್ಲದೆ ಎರಡೂ ಪಕ್ಷದ ವಾದವನ್ನು ತಾವೇ ಮಾಡತೊಡಗಿದರು, ಅದೂ ಕಾರಿನಲ್ಲಿ. ಯಾವ ದನಿಯ ಮಾತು ಕೇಳಬೇಕೆಂದು ತಿಳಿಯದೆ ಒಬ್ಬಳು ವಿದ್ಯಾರ್ಥಿನಿ ಕಾರನ್ನು ಮೆಲ್ಲನೆ ಮೋರಿಗೆ ಇಳಿಸಿದಳು.

ಅವರನ್ನು ಸಮಾಧಾನ ಮಾಡಲೆಂದು ನಾನು ಎರಡೂ ಕಿವಿ ಮುಚ್ಚುವಂಥ ದೊಡ್ಡ ಹೆಡ್‌ಫೋನ್ ಕೊಂಡುಹೋದೆ. ಎರಡೂ ಆಲ್ಬಮ್ ಫೋನಿನಲ್ಲಿದ್ದವು. ಮಾವನ ತಲೆಗೆ ಅದನ್ನು ತೊಡಿಸಿ ಕಪ್ಪು ಕ್ಯಾಸೆಟ್ಟಿನ ಮೊದಲ ಹಾಡು ಹಾಕಿದೆ. ಎಂದಿನಂತೆ ಗುಡುಗಿಗೆ ತಲೆದೂಗಿದವರು ಒಮ್ಮೆಲೆ ನಿಂತುಬಿಟ್ಟರು. ಬಲಗಡೆಗೆ ತಿರುಗಿ ನೋಡಿದರು. ಅಲ್ಲಿ ಕಪಾಟು ಬಿಟ್ಟರೆ ಏನೂ ಇರಲಿಲ್ಲ.

"ಇವ ಯಾರು?"

"ಯಾರು ಮಾವ?"

"ಈ ಬದಿಯಲ್ಲಿ ಒಬ್ಬ ಬಾರಿಸ್ತಾ ಇದ್ದಾನಲ್ಲ, ಇವ ಎಲ್ಲಿಂದ ಬಂದ?" ಬಲಗಿವಿಯನ್ನು ಒತ್ತಿ ಹಿಡಿದು ಅವರೇ ಮೆಲ್ಲನೆ ಹೇಳಿದರು: "ಟಿಣ್ ಟಿಣ್."

ನನಗೆ ಆಗ ಹೊಳೆಯಿತು. ಆ ತಂಡಗಳಲ್ಲಿ ಗಿಟಾರಿನವರು ಇಬ್ಬಿಬ್ಬರು. ಒಬ್ಬನನ್ನು ಎಡಗಿವಿಗೆ, ಇನ್ನೊಬ್ಬನನ್ನು ಬಲಗಿವಿಗೆ ಕೂರಿಸಿ ರೆಕಾರ್ಡ್ ಮಾಡಿದ್ದರು. ಬಸ್ಸಿನಲ್ಲಿ ಎಡದ ಸ್ಪಂಜು, ಕಾರಿನಲ್ಲಿ ಎಡದ ಸ್ಪೀಕರ್. ಮಾವ ಮೂವತ್ತು ವರ್ಷ ಕೇಳಿದ್ದು ಎರಡು ಆಲ್ಬಮ್‌ಗಳ ಎಡ ಅರ್ಧವನ್ನು! ಹಮೀದಾಕ ಹೊತ್ತುಕೊಂಡು ತಿರುಗಿದ್ದು ಬಲ ಅರ್ಧವನ್ನು! ಬಿಳಿಯದನ್ನು ಹಾಕಿದೆ. ಎಡಗಡೆ ನಿಜಕ್ಕೂ ಫ್ಯಾನೇ. ಬಲಗಡೆ, ಕಲ್ಲು ಕರಗುತ್ತದೆ ಎಂದಿದ್ದರಲ್ಲ, ಅದು. ನಾನು ಅನುಮಾನಿಸಿದ ನೆನಪುಗಳು ಇಬ್ಬರಲ್ಲೂ ಚೆನ್ನಾಗಿಯೇ ಇದ್ದವು. ಮಾವ ಬಿಳಿ ಕ್ಯಾಸೆಟ್ಟನ್ನು ಕೊನೆಯವರೆಗೂ ಕೇಳಿದರು.

"ಹಾಗಾದರೆ ಜಗಳ ಮುಗಿಯಿತಲ್ಲ ಮಾವ! ಇಬ್ಬರೂ ಹೇಳಿದ್ದು ಸರಿ. ಹೋಗಿ ಹಮೀದಾಕನಿಗೆ ಹೇಳುವ."

"ಪೊಟ್ಟು ಮಾತಾಡಬೇಡ!" ಮಾವ ಹೆಡ್‌ಫೋನ್ ಕಿತ್ತಿಟ್ಟರು. "ಅಲ್ಲಿ ಎಲ್ಲರೂ ಅವನಿಗೆ ಹೂಂ ಹೂಂ ಅಂತಾ ಇದ್ದಾರೆ. ಇನ್ನು ನಾನೂ ಹೋಗಿ, ಆಯ್ತು ಮಾರಾಯ, ನೀನು ಹೇಳಿದ್ದೇ ಸರಿ ಅಂದ್ರೆ ಅವ ಎಂತ ತಿಳ್ಕೊಳ್ತಾನೆ? ತನ್ನ ಕತೆ ಮುಗೀತು ಅಂತಲೇ ಅಲ್ವಾ? ಗಾಡಿ ತೆಗಿ."

ಪಾಣೆಮಂಗಳೂರಿನಲ್ಲಿ ಹಮೀದಾಕನ ಹೆಂಡತಿ ಬಾಗಿಲಿಗೆ ಅಡ್ಡ ನಿಂತರು. "ಡಾಕ್ಟರು ಎಂತ ಹೇಳಿದ್ದಾರೆ ಗೊತ್ತುಂಟಲ್ಲ ಮಾಷ್ಟ್ರೆ?"

"ಗೊತ್ತುಂಟು ಅಕ್ಕ. ನಡೀಲಿಕ್ಕೆ ಹೇಳಿದ್ದಾರೆ. ಅವ ನಡೀತಾನಾ?"

ಅವರು ಬಾಗಿಲು ಬಿಟ್ಟರು.

ಹಮೀದಾಕ ಗೋಡೆಗೆ ಮುಖ ಮಾಡಿ ಮಲಗಿದ್ದರು. ಆ ದೊಡ್ಡ ಆಳು ಹೊದಿಕೆಯೊಳಗೆ ಎಷ್ಟು ಚಿಕ್ಕದಾಗಿ ಕಾಣುತ್ತಿದ್ದರೆಂದರೆ ನಾನು ಬೇರೆ ಕಡೆ ನೋಡಿದೆ. ಮಾವ ಹೊಸ್ತಿಲಲ್ಲೇ ನಿಂತರು.

"ಬಿಳಿ ಕ್ಯಾಸೆಟ್ ಇವತ್ತು ಪುನಃ ಕೇಳಿದೆ."

ಹಮೀದಾಕ ಹೊದಿಕೆಯನ್ನು ಕಿವಿಯವರೆಗೆ ಎಳೆದುಕೊಂಡರು.

"ಫ್ಯಾನ್ ಅಂದದ್ದು ನನ್ನ ತಪ್ಪು." ಮಾವ ಎಲ್ಲ ಹೇಳಿಯೇಬಿಡುತ್ತಾರೆ ಎಂದುಕೊಂಡೆ. "ಮಿಕ್ಸಿ ಅದು. ಅದೂ ಬ್ಲೇಡು ಹೋದ ಮಿಕ್ಸಿ."

ಗೋಡೆಯ ಕಡೆಯಿಂದ ದನಿ ಬಂತು. "ಯಾರದು ಮಿಕ್ಸಿ?"

"ನಿನ್ನದು!"

ಹೊದಿಕೆ ಸರಿಯಿತು. ಹಮೀದಾಕ ಎದ್ದು ಕೂತರು. ಮಾವ ಒಂದು ಹೆಜ್ಜೆ ಹಿಂದೆ ಸರಿದು ಚಾವಡಿಯಿಂದ ಇನ್ನೊಂದು ಬೈಗುಳ ಎಸೆದರು. ಉತ್ತರ ಕೊಡಲು ಹಮೀದಾಕ ಬಾಗಿಲಿಗೆ ಬಂದರು. ಮಾವ ಅಂಗಳಕ್ಕಿಳಿದರು. ಹಮೀದಾಕ ಗೋಡೆ ಹಿಡಿದು, ಕಂಬ ಹಿಡಿದು, ಆಮೇಲೆ ಏನೂ ಹಿಡಿಯದೆ ಅಂಗಳಕ್ಕಿಳಿದರು. ಮಾವ ಗೇಟಿನವರೆಗೂ ಹಿಂದೆ ಹಿಂದೆಯೇ ಹೋದರು, ರಿವರ್ಸ್ ಕಲಿಸುವವರಲ್ಲವೇ! ಎಷ್ಟು ದೂರ ಎಂದು ನನ್ನನ್ನು ಕೇಳಬೇಡಿ, ನನ್ನ ಕಣ್ಣು ಮಂಜಾಗಿತ್ತು.

"ಕಪ್ಪಿನಲ್ಲಿ ಎಂತ ಉಂಟು? ಹೇಳು! ಟಿಣ್ ಟಿಣ್!" ಗೇಟು ಹಿಡಿದು ಏದುಸಿರು ಬಿಡುತ್ತಾ ಹಮೀದಾಕ ಕೂಗಿದರು. ಮುಖ ಕೆಂಪಾಗಿತ್ತು.

ಹೆಂಡತಿ ಕುರ್ಚಿ ಹಿಡಿದುಕೊಂಡು ಓಡಿ ಬಂದರು. ಬೈಯುತ್ತಾರೆ ಎಂದು ನಾನು ಹೆದರಿದ್ದೆ. "ನಾಳೆಯೂ ಬನ್ನಿ ಮಾಷ್ಟ್ರೆ," ಎಂದರು. "ಚಹಾ ಕುಡಿದು, ಸ್ವಲ್ಪವೇ ಸ್ವಲ್ಪ ಜಗಳ ಮಾಡಿ ಹೋಗಿ."

ಹಿಂದಿರುಗುವಾಗ ಕಾರು ನಾನೇ ಬಿಟ್ಟೆ. ಬಂಟ್ವಾಳ ದಾಟಿದ ಮೇಲೆ ಮಾವ ಒಂದು ಕ್ಯಾಸೆಟ್ ಹಾಕಿದರು. ರಿವರ್ಸ್ ಗೇರಿಗೆ ಮಾತ್ರ ಮೀಸಲಾಗಿದ್ದ ಬಿಳಿಯದು. ಎಡಗಡೆ ಫ್ಯಾನು ಗುಂಯ್ ಎನ್ನತೊಡಗಿತು. ನನ್ನ ಬದಿ ಎಂದಿನಂತೆ ಮೌನ.

"ಮಾವ, ಈಗಲಾದರೂ ಈ ಸ್ಪೀಕರ್ ಸರಿ ಮಾಡಿಸುವಾ? ಆ ಗಿಟಾರ್ ಕೇಳಬಹುದಲ್ಲ."

ಅವರು ಕಿಟಕಿಯಾಚೆ ನೋಡುತ್ತಿದ್ದರು, ಬಸ್ಸಿನಲ್ಲಿ ನೋಡುತ್ತಿದ್ದ ಹಾಗೆಯೇ ಇರಬೇಕು.

"ಬೇಡ," ಎಂದರು. "ಅದು ಅವನ ಬದಿ."