ಕಾರ್ಟನ್ ಕಟ್ಟಿಕೊಂಡು ಬರ್ಮುಡಾಕ್ಕೆ

ಮಕ್ಕಳೇ, ನಿಮ್ಮ ಅಜ್ಜನಿಗೆ ಈ ಲೋಕದಲ್ಲಿ ಬಾರದ ವಿದ್ಯೆ ಒಂದೇ: ರಜೆ ಮಾಡುವುದು!

ಈ ಅರಬರ ನಾಡಿಗೆ ಬಂದು, ಶರ್ಕ್ ಪೇಟೆಯ ಒಂದು ಕಂಪನಿಯ ಗೋದಾಮಿನಲ್ಲಿ ತಲೆ ನರೆಯುವ ತನಕ ದುಡಿದವರು ಅವರು. ವರ್ಷಕ್ಕೊಮ್ಮೆ ರಜೆ ಸಿಗುತ್ತಿತ್ತು. ಆಗ ಅವರು ಮಾಡುತ್ತಿದ್ದದ್ದೇನು? ದೊಡ್ಡದೊಂದು ಕಾರ್ಟನ್ ತಂದು ಹಾಲಿನ ಪುಡಿ, ಖರ್ಜೂರ, ಸಾಬೂನು, ನೋವಿನ ಎಣ್ಣೆ, ಪ್ಯಾಂಟ್ ಪೀಸು, ದಪ್ಪ ಕಂಬಳಿ ಎಲ್ಲ ತುಂಬಿ, ಮೇಲೆ ಹಗ್ಗ ಬಿಗಿಯುವುದು. ಊರಲ್ಲಿ ಅಮ್ಮನ ಮುಂದೆ ಅದನ್ನು ಬಿಚ್ಚಿ ಕೇರಿಗೆಲ್ಲ ಹಂಚುವುದು. ಹಂಚಿ ಮುಗಿಯಿತೋ, ರಜೆಯೂ ಖಲಾಸ್!

ಅವರ ಅಮ್ಮ ತೀರಿಕೊಂಡ ಮರುವರ್ಷ ಅಜ್ಜ ಊರಿಗೆ ಹೊರಡಲೇ ಇಲ್ಲ. ಸಾಲ್ಮಿಯಾದ ಈ ಮನೆಯ ಬಾಲ್ಕನಿಯಲ್ಲಿ, ಸಮುದ್ರಕ್ಕೆ ಬೆನ್ನು ಹಾಕಿ ಕುಳಿತುಬಿಟ್ಟರು. ಮೀನಿನ ಸಾರು ಮಾಡಿದರೂ ಅರ್ಧ ತಟ್ಟೆ ಹಾಗೇ ಉಳಿಯುತ್ತಿತ್ತು. ಮೀನಿನ ಸಾರು! ಅವರು!

"ಊರಿಗೆ ಹೋಗಿ ಬರುವಾ" ಎಂದೆ.

"ಯಾರ ಹತ್ರ ಹೋಗುದು ಮಾರಾಯ್ತಿ? ಕಾಯುವವರು ಇಲ್ಲದ ಮೇಲೆ ಎಂತ ರಜೆ? ಬೀಗವನ್ನು ಮಾತಾಡಿಸಿ ಬರುದಾ?"

ಅಪ್ಪ ಹೀಗೇ ಕುಳಿತು ಕರಗಿಹೋಗುತ್ತಾರೆಂದು ನಿಮ್ಮಮ್ಮನಿಗೆ ಹೆದರಿಕೆ. ಎಲ್ಲಿಂದಲೋ ಹುಡುಕಿ ಬರ್ಮುಡಾ ಎಂಬ ದ್ವೀಪಕ್ಕೆ ನಮ್ಮಿಬ್ಬರ ಟಿಕೆಟ್ ಮಾಡಿಸಿದಳು. "ಪಪ್ಪಾ, ಅದು ಬ್ರಿಟಿಷರ ಜಾಗ. ಸುಮ್ಮನೆ ತಿರುಗಾಡಿ ಬನ್ನಿ. ಎಂತದೂ ಹೊತ್ಕೊಂಡು ಹೋಗ್ಬೇಡಿ" ಎಂದಳು. ಅಜ್ಜ ತಲೆಯಾಡಿಸಿದರು. ಮರುದಿನ ನೋಡಿದರೆ ಹಾಲ್‌ನ ನಡುವೆ ಕಾರ್ಟನ್!

"ಅಲ್ಲಿ ನಮಗೆ ಯಾರಿದ್ದಾರೆ ಅಂತ ಇದು?"

"ಬರಿಗೈಯಲ್ಲಿ ಹೋಗ್ಲಿಕ್ಕೆ ನಾಚಿಕೆ ಆಗುದಿಲ್ವಾ ನಿಂಗೆ?"

ಲಂಡನ್ನಿನಲ್ಲಿ ವಿಮಾನ ಬದಲಿಸಿ ಅಲ್ಲಿಗೆ ಮುಟ್ಟಿದೆವು. ಕಸ್ಟಮ್ಸ್‌ನವನು ಕಂಬಳಿ ಎತ್ತಿ ಹಿಡಿದು ಏನೋ ಕೇಳಿದ. ನನಗೆ ಇಂಗ್ಲಿಷ್ ಎಲ್ಲಿ ಬರುತ್ತದೆ? ಆಮೇಲೆ ಅಜ್ಜನೇ ಹೇಳಿದರು. "ಇದೆಲ್ಲ ಯಾರಿಗೆ?" ಎಂದನಂತೆ. "ಜನರಿಗೆ" ಎಂದರಂತೆ ಇವರು. "ಯಾವ ಜನರಿಗೆ?" "ಅದು ಇನ್ನು ನೋಡ್ಬೇಕಷ್ಟೆ!"

ಜನ ಸಿಗಲಿಲ್ಲ. ಬಸ್ಸಿನವನಿಗೆ ಸಾಬೂನು ಕೊಟ್ಟರೆ ಆತ ತನ್ನ ಕಂಕುಳನ್ನೇ ಮೂಸಿ ನೋಡಿಕೊಂಡ! ಪೇಟೆಯಲ್ಲಿ ಕೋಟು, ಟೈ, ಮೊಣಕಾಲಿನವರೆಗೆ ಕಾಲುಚೀಲ ತೊಟ್ಟ ಸಾಹೇಬರೊಬ್ಬರು ಎದುರಾದರು. ಆದರೆ ಚಡ್ಡಿ! ಬ್ರಿಟಿಷರ ಕಾಲದಿಂದ ಅಲ್ಲಿನ ದೊಡ್ಡವರ ಉಡುಪೇ ಅದಂತೆ. ನಮಗೇನು ಗೊತ್ತು? "ಪಾಪ, ಬಟ್ಟೆ ಸಾಲಲಿಲ್ಲ ಕಾಣ್ತದೆ" ಎಂದು ಅಜ್ಜ ಪ್ಯಾಂಟ್ ಪೀಸು ಚಾಚಿದರು. ಸಾಹೇಬರು ಒಮ್ಮೆ ಪೀಸನ್ನೂ ಒಮ್ಮೆ ತಮ್ಮ ಮೊಣಕಾಲನ್ನೂ ನೋಡಿ, ಕೈಮುಗಿದು ನಡೆದರು. ನಾನು ನಾಚಿಕೆಯಿಂದ ಕೆಂಪು ಅಂಚೆ ಡಬ್ಬದ ಹಿಂದೆ ನಿಂತಿದ್ದೆ.

ಆಮೇಲೆ ಮಳೆ ಹಿಡಿಯಿತು. ಗುಲಾಬಿ ಮರಳಿನ ಸಮುದ್ರವಂತೆ, ಯಾರಿಗೆ ಬೇಕು? ಅಜ್ಜ ಕೋಣೆಯಲ್ಲಿ ಕಾರ್ಟನ್ ಮೇಲೆ ಕುಳಿತು ಗೋಡೆ ನೋಡುತ್ತಿದ್ದರು. ಇಲ್ಲಿನ ಬಾಲ್ಕನಿಯಲ್ಲಿ ಕುಳಿತಂತೆಯೇ. ಇಷ್ಟು ದೂರ ಕರೆತಂದು ನಾವು ಮಾಡಿದ್ದೇನು ಎಂದು ನನಗೆ ಅಳು ಬಂತು.

ನಾವು ಉಳಿದಿದ್ದ ಮನೆಯ ಒಡತಿ ನಮಗಿಂತ ಹಿರಿಯ ಹೆಂಗಸು, ಒಬ್ಬಳೇ. ಆ ದ್ವೀಪದಲ್ಲಿ ಹೊಳೆಯಿಲ್ಲ. ಸುಣ್ಣ ಬಳಿದ ಮಾಡಿನ ಮೇಲೆ ಬಿದ್ದ ಮಳೆಯೇ ತೊಟ್ಟಿಗಿಳಿದು ಕುಡಿಯುವ ನೀರು. ಆಕೆ ಒಂದು ಲೋಟ ತಂದುಕೊಟ್ಟಳು. ನಮ್ಮಲ್ಲಿ ಉಪ್ಪು ತೆಗೆದ ಸಮುದ್ರದ ನೀರಲ್ಲವೇ ಕುಡಿಯುವುದು? "ನಾವು ಸಮುದ್ರ ಕುಡಿಯುವವರು, ಇವಳು ಆಕಾಶ ಕುಡಿಯುವವಳು!" ಎಂದು ಅಜ್ಜ ನಕ್ಕರು. ಎಷ್ಟು ತಿಂಗಳ ಮೇಲೆ ಬಂದ ನಗು! ಎದ್ದು ಕಂಬಳಿ ತೆಗೆದು ಆಕೆಗೆ ಕೊಟ್ಟರು. ಆ ಸೆಕೆಯಲ್ಲಿ ಆಕೆ ಅದನ್ನು ಹೊದ್ದೇಬಿಟ್ಟಳು! ನೋವಿನ ಎಣ್ಣೆ ಅಲ್ಲೇ ಮಂಡಿಗೆ ತಿಕ್ಕಿಕೊಂಡಳು. ಸಂಜೆಯೊಳಗೆ ನೆರೆಯವರೂ ಬಂದು ಕಾರ್ಟನ್ ಖಾಲಿ.

ಹೊರಡುವ ದಿನ ಗೇಟಿನಲ್ಲಿ ನಿಂತು ಅಜ್ಜನ ಫೋನ್ ನಂಬರು ಬರೆದುಕೊಂಡು ಆಕೆ ಏನೋ ಕೇಳಿದಳು. ಬಸ್ಸಿನಲ್ಲಿ ಅಜ್ಜ ಹೇಳಿದರು: "ಮುಂದಿನ ರಜೆ ಯಾವಾಗ ಅಂತ ಕೇಳಿದಳು ಮಾರಾಯ್ತಿ. ಅಮ್ಮನೂ ಹಾಗೇ ಕೇಳ್ತಿದ್ದದ್ದು."

ಆ ರಜೆ ಬರುವ ಮೊದಲೇ ನಿಮ್ಮ ಅಜ್ಜ ಹೋದರು.

ಅವರ ಫೋನು ಈಗ ನನ್ನ ಹತ್ತಿರ ಇದೆ. ಇಲ್ಲಿ ವಾರದ ರಜೆಯ ದಿನವಾದ ಶುಕ್ರವಾರ ಪೂಜೆ ಮುಗಿಸಿ ಇಗರ್ಜಿಯಿಂದ ಬರುವಷ್ಟರಲ್ಲಿ ಆಕೆಯ ವಿಡಿಯೋ ಕರೆ ಬರುತ್ತದೆ. ನಾನು ನಗುತ್ತೇನೆ, ಆಕೆ ನಗುತ್ತಾಳೆ. ನಂತರ ಆಕೆಯ ಕಣ್ಣು ನನ್ನ ಹೆಗಲಾಚೆ ಅವರನ್ನು ಹುಡುಕುತ್ತದೆ. ನಾನು ಎರಡು ಕೈ ಜೋಡಿಸಿ ಕೆನ್ನೆಗಿಟ್ಟು, ಮಲಗಿದ್ದಾರೆ ಎಂದು ತೋರಿಸುತ್ತೇನೆ. ನಿಮ್ಮಲ್ಲಿ ಯಾರಿಗಾದರೂ ಫೋನು ಕೊಟ್ಟು ಹೇಳಿಸಬಹುದಿತ್ತು. ಆದರೆ ಒಬ್ಬಳೇ ಇರುವ ಹೆಂಗಸಿಗೆ ಅದನ್ನು ಫೋನಿನಲ್ಲಿ ಹೇಗೆ ಹೇಳುವುದು?

ಬರುವ ರಜೆಯಲ್ಲಿ ನಾನು ಹೋಗುತ್ತೇನೆ. ನಿಮ್ಮಲ್ಲಿ ಒಬ್ಬರು ಜೊತೆಗೆ ಬನ್ನಿ ಮಕ್ಕಳೇ. ನಾನು ಆಕೆಯ ಕೈ ಹಿಡಿದುಕೊಳ್ಳುತ್ತೇನೆ, ನೀವು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿ.