ಸಲೂನಿನ ಕುರ್ಚಿಯಲ್ಲಿ ಕೋನೀಯ ಸಂವೇಗ

"ಕೋಣನಿಗೂ ಅರ್ಥವಾಗೋ ಹಾಗೆ ಕೋನೀಯ ಸಂವೇಗ ಹೇಳಿಕೊಡ್ತೀನಿ, ನೋಡ್ತಿರಿ!"

ಕಾಫಿ ಲೋಟ ಕೆಳಗಿಡುತ್ತಾ ಸೊಸೆ ಘೋಷಿಸಿದಳು. ಹೆರಿಗೆಗೆಂದು ಬಿಟ್ಟ ಶಾಲೆಯ ಕೆಲಸ ಮತ್ತೆ ಕೈಗೆಟುಕುವಷ್ಟು ಹತ್ತಿರ ಬಂದಿತ್ತು. ನಾಳೆ ಮುಖ್ಯೋಪಾಧ್ಯಾಯಿನಿಯ ಎದುರು ಒಂದು ಪಾಠ ಮಾಡಿ ಸೈ ಎನಿಸಿಕೊಂಡರೆ ಭೌತಶಾಸ್ತ್ರದ ಟೀಚರ್ ಕೆಲಸ ಅವಳದೇ! ತೊಡಕು ಒಂದೇ: ಆ ಹೊತ್ತಿನಲ್ಲಿ ಅಂಬೆಗಾಲು ಬಿಟ್ಟು ಓಟ ಕಲಿತಿರುವ ಪುಟ್ಟಿಯನ್ನು ಹಿಡಿಯುವವರು ಯಾರು? ಗಂಡನಿಗೆ ಮನೆಯ ಮುಂಗೋಣೆಯಲ್ಲೇ ಸಲೂನು, ಕೈಯಲ್ಲಿ ಕತ್ತರಿ. ಉಳಿದವರು ಅತ್ತೆ.

"ಕೋಣನ್ನ ಎಲ್ಲಿಂದ ತರ್ತೀಯಾ? ಮೊದಲು ನನಗೇ ಹೇಳು," ಎಂದರು ಅತ್ತೆ. "ನಿನ್ನ ಮಗಳ ಹಿಂದೆ ಓಡೋದು ಅಂದ್ರೆ ಹುಡುಗಾಟಾನಾ? ಅದೇನು ಕಲಿಸೋಕೆ ಹೊರಟಿದ್ದೀಯ ಅಂತ ನನಗೆ ಅರ್ಥವಾದ್ರೆ ನಾಳೆ ಓಡ್ತೀನಿ. ಇಲ್ದಿದ್ರೆ ಗಂಡ ಹೆಂಡ್ತಿ ಏನಾದ್ರೂ ಮಾಡ್ಕೊಳ್ಳಿ!"

ಸೊಸೆ ಗಂಟಲು ಸರಿಮಾಡಿಕೊಂಡಳು. "ತಿರುಗೋ ವಸ್ತುವಿನ ತೂಕ, ನಡುವಿನಿಂದ ಅದಕ್ಕಿರೋ ದೂರ, ಅದು ಸುತ್ತೋ ವೇಗ, ಮೂರನ್ನೂ ಗುಣಿಸಿದ್ರೆ..."

"ಗುಣಾಕಾರ ನಿನ್ನ ಹತ್ರಾನೇ ಇರ್ಲಿ. ಕಣ್ಣಿಗೆ ಕಾಣೋ ಹಾಗೆ ಹೇಳು."

ಕಣ್ಣಿಗೆ ಕಾಣಬೇಕೆ? ಇಗೋ! ಸಲೂನಿಗೆ ಅಂದು ವಾರದ ರಜೆ. ಗಂಡ ಕುರ್ಚಿಯನ್ನು ಬಿಚ್ಚಿ, ಬೇರಿಂಗಿಗೆ ಗ್ರೀಸ್ ಮೆತ್ತಿ, ಆಗಷ್ಟೇ ಕೂರಿಸಿದ್ದ. ಬೆರಳು ತಾಗಿಸಿದರೆ ಸಾಕು, ಕುರ್ಚಿ ರಾಜಕುಮಾರಿಯಂತೆ ಬಳುಕಿ ತಿರುಗುತ್ತಿತ್ತು. ಸೊಸೆ ಅದರ ಮೇಲೆ ಪಟ್ಟಾಭಿಷಿಕ್ತಳಾದಳು. ಕೈಗೊಂದರಂತೆ ಶಾಂಪೂವಿನ ದೊಡ್ಡ ಡಬ್ಬಿ ಹಿಡಿದು ಎರಡೂ ತೋಳು ಚಾಚಿದಳು.

"ಈಗ ತೂಕ ದೂರದಲ್ಲಿದೆ ಅತ್ತೆ, ನಿಧಾನಕ್ಕೆ ತಿರುಗ್ತೀನಿ. ಡಬ್ಬಿ ಒಳಗೆ ಎಳ್ಕೊಂಡ್ರೆ ದೂರ ಕಮ್ಮಿ ಆಗುತ್ತೆ. ಆದ್ರೆ ಒಟ್ಟು ಸಂವೇಗ ಹಾಗೇ ಇರಬೇಕಲ್ಲ? ಅದಕ್ಕೇ ವೇಗ ಜಾಸ್ತಿ ಆಗುತ್ತೆ! ರೀ, ಒಂಚೂರು ತಳ್ಳಿ!"

ಗಂಡನ 'ಒಂಚೂರು' ಎಂದರೆ ಬಾಗಿಲು ಮುರಿಯುವ ಅಳತೆ. ಅವನು ತಳ್ಳಿದ. ಅವಳು ಡಬ್ಬಿಗಳನ್ನು ಎದೆಗೆ ಅವಚಿಕೊಂಡಳು. ಅಯ್ಯಯ್ಯೋ! ಕನ್ನಡಿ, ಗಂಡ, ಅತ್ತೆ, ಬಾಗಿಲು, ಎಲ್ಲ ಕಲಸಿ ಒಂದೇ ಮುದ್ದೆಯಾಯಿತು.

"ಮತ್ತೆ ಯಾರೂ ತಳ್ಳಲೇ ಇಲ್ಲ, ಜೋರಾಯ್ತಲ್ಲೇ!" ಅತ್ತೆ ಕಣ್ಣರಳಿಸಿದರು.

"ನಿಲ್ಸಿ! ರೀ, ನಿಲ್ಸಿ!"

"ಹತ್ರ ಬಂದ್ರೆ ನಿನ್ನ ಮೊಣಕಾಲು ಒದೆಯುತ್ತೆ ಕಣೇ! ಡಬ್ಬಿ ಬಿಟ್ಬಿಡು!"

"ಬಿಟ್ರೆ ನಿಮ್ಮ ಕನ್ನಡಿ ಚೂರಾಗುತ್ತೆ!"

"ಹಾಗಾದ್ರೆ ಬಿಡ್ಬೇಡ!"

ಅತ್ತೆ ಮಾತ್ರ ತಣ್ಣಗೆ ಹೇಳಿದರು: "ಕೈ ಚಾಚೇ! ಚಾಚಿದ್ರೆ ನಿಧಾನ ಅಂತ ಈಗ ತಾನೇ ನೀನೇ ಹೇಳಿದ್ಯಲ್ಲ?"

ಚಾಚಿದಳು. ಕುರ್ಚಿ ನಿಧಾನವಾಯಿತು, ನಿಜ. ಆದರೆ ಎದೆಗೆ ಅವಚಿದ್ದಾಗಲೇ ಡಬ್ಬಿಗಳ ಮುಚ್ಚಳ ಸಡಿಲವಾಗಿತ್ತು. ನಾಲ್ಕು ಗೋಡೆಗೂ ಒಂದೇ ಎತ್ತರದಲ್ಲಿ, ಪೇಂಟರ್ ಕೂಡ ತಲೆದೂಗುವಂತೆ, ಹಸಿರು ಶಾಂಪೂವಿನ ಪಟ್ಟೆ! ಗಂಡನ ಮೀಸೆಯೂ ಆ ಪಟ್ಟೆಯ ದಾರಿಯಲ್ಲೇ ಇತ್ತು.

ಸೊಸೆ ಇಳಿದಳು, ನೆಲ ಇಳಿಯಲಿಲ್ಲ, ಸುತ್ತುತ್ತಲೇ ಇತ್ತು. ವಾಷ್ ಬೇಸಿನ್ ತಬ್ಬಿಕೊಂಡು ಹೊಟ್ಟೆಯಲ್ಲಿದ್ದ ಕಾಫಿಯನ್ನು ಲೋಕಾರ್ಪಣೆ ಮಾಡಿದಳು. ಅತ್ತೆ ಅವಳ ಬೆನ್ನು ನೀವಿದರು. ಪ್ರಶ್ನೆ ಮಾತ್ರ ಬಿಡಲಿಲ್ಲ.

"ಒಟ್ಟು ಹಾಗೇ ಇರುತ್ತೆ ಅಂದೆ. ಕುರ್ಚಿ ಕೊನೆಗೆ ನಿಂತೇಬಿಡ್ತಲ್ಲ? ಆ ಸಂವೇಗ ಎಲ್ಲಿ ಹೋಯ್ತು?"

ಬಾಯಿ ತೊಳೆಯುತ್ತಿದ್ದ ಸೊಸೆ ನಲ್ಲಿ ನಿಲ್ಲಿಸಿ ತಿರುಗಿದಳು. ಇದನ್ನು ಯಾವ ಮಗುವೂ ಅವಳನ್ನು ಕೇಳಿರಲಿಲ್ಲ. "ಬೇರಿಂಗು ಉಜ್ಜಿ ಉಜ್ಜಿ ಕುರ್ಚಿ ಕಾಲಿಗೆ ಹೋಯ್ತು ಅತ್ತೆ. ಕಾಲಿಂದ ನೆಲಕ್ಕೆ. ನೆಲದಿಂದ... ಭೂಮಿಗೆ!"

"ಹಾಗಾದ್ರೆ ನಿನ್ನಿಂದ ಭೂಮಿ ಜೋರಾಗಿ ತಿರುಗೋಕೆ ಶುರುವಾಯ್ತಾ?"

"ಇಲ್ಲ... ತಡೀರಿ! ಇವರು ತಳ್ಳುವಾಗ ಕಾಲೂರಿ ತಳ್ಳಿದ್ರಲ್ಲ, ಆಗ ಭೂಮಿ ಉಲ್ಟಾ ಕಡೆಗೆ ಕೂದಲೆಳೆಯಷ್ಟೂ ಅಲ್ಲದಷ್ಟು ತಿರುಗಿತ್ತು. ಈಗ ಅದು ಸರಿಹೋಯ್ತು!"

"ನಾನು ತಳ್ಳಿದ್ದಕ್ಕೆ ಭೂಮೀನೇ ಅಲುಗಾಡ್ತಾ?" ಗಂಡ ಹಸಿರು ಮೀಸೆ ತಿರುವಿದ.

ಅತ್ತೆ ಡಬ್ಬಿಗಳ ಮುಚ್ಚಳ ಬಿಗಿಮಾಡಿದರು, ಕುರ್ಚಿ ಏರಿದರು, "ತಳ್ಳೋ," ಎಂದರು ಮಗನಿಗೆ. ಕೈ ಚಾಚಿದರು, ಎಳೆದುಕೊಂಡರು, ಮತ್ತೆ ಚಾಚಿದರು. ಭರ್‌ರ್ ಎಂದು ತಿರುಗಿದರು, ಮೆಲ್ಲಗೆ ತೇಲಿದರು. ಇಳಿದಾಗ ಒಂದು ಹೆಜ್ಜೆಯೂ ತಪ್ಪಲಿಲ್ಲ! ಬಾಗಿಲಲ್ಲಿ ನಿಂತ ಪುಟ್ಟಿ "ಅಜ್ಜಿ, ಇನ್ನೊಂಚಲ!" ಎಂದು ಚಪ್ಪಾಳೆ ತಟ್ಟಿದಳು.

"ಎಂಥಾ ಸೊಗಸಾದ ವಿಷಯನೇ ಇದು!" ಎಂದರು ಅತ್ತೆ. "ಒಳಗೆ ಎಳ್ಕೊಳ್ಳುವಾಗ ತೋಳಿಗೆ ಎಷ್ಟು ಬಲ ಬೇಕು ಗೊತ್ತಾ? ಆ ವೇಗ ಪುಕ್ಕಟೆ ಬಂದಿದ್ದಲ್ಲ!"

ಸೊಸೆಯ ಎದೆ ಉಬ್ಬಿತು. ಗೆದ್ದೆ! "ಹಾಗಾದ್ರೆ ಅರ್ಥವಾಯ್ತು! ನಾಳೆ ಪುಟ್ಟಿ ನಿಮ್ಮ ಜೊತೆ..."

"ಪುಟ್ಟೀನ ಅವರಪ್ಪ ನೋಡ್ಕೊಳ್ಳಲಿ, ಅಂಗಡಿ ಮಧ್ಯಾಹ್ನ ತೆಗೀತಾನೆ. ನಾನು ನಿನ್ನ ಜೊತೆ ಶಾಲೆಗೆ ಬರ್ತೀನಿ."

"ಶಾಲೆಗೆ ನೀವ್ಯಾಕೆ ಅತ್ತೆ?"

ಅತ್ತೆ ವಾಷ್ ಬೇಸಿನ್ನಿನ ಕಡೆ ಒಮ್ಮೆ ನೋಡಿದರು, ಸೊಸೆಯ ಕಡೆ ಒಮ್ಮೆ ನೋಡಿದರು.

"ಪಾಠ ನೀನೇ ಮಾಡು ತಾಯಿ. ತಿರುಗೋದನ್ನ ನನಗೆ ಬಿಡು!"